ಒಂದು ನಿಮಿಷದ ಪರಿಚಯ

ಅಪರಿಚಿತರ ಮುಂದೆ ನಿಂತು ತನ್ನನ್ನು ತಾನು ಪರಿಚಯಿಸಿಕೊಳ್ಳುವುದು ಬಹು ಹಿಂದಿನಿಂದಲೂ ಬಂದ ಕಲೆ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಹನುಮಂತನು ಸುಗ್ರೀವನ ದೂತನಾಗಿ ರಾಮಲಕ್ಷ್ಮಣರನ್ನು ಮೊದಲ ಬಾರಿಗೆ ಕಾಣುತ್ತಾನೆ. ಅವನ ನುಡಿಯನ್ನು ಕೇಳಿದ ರಾಮನು ತಮ್ಮನ ಕಡೆ ತಿರುಗಿ ಅದನ್ನು ಮನಸಾರೆ ಮೆಚ್ಚುತ್ತಾನೆ. ಮಾತು ಅತಿಯಾಗಿ ಬೆಳೆಯಲಿಲ್ಲ, ಸಂದೇಹಕ್ಕೆ ಎಡೆಗೊಡಲಿಲ್ಲ, ಧ್ವನಿಯು ಹದವಾಗಿತ್ತು, ಮುಖದಲ್ಲಾಗಲಿ ಕಣ್ಣುಗಳಲ್ಲಾಗಲಿ ದೋಷ ಕಾಣಲಿಲ್ಲ ಎಂಬುದು ಆ ಮೆಚ್ಚುಗೆಯ ತಾತ್ಪರ್ಯ. ಉದ್ಯೋಗವನ್ನು ಅರಸುವ ಇಂದಿನ ತರುಣ ತರುಣಿಯರಿಗೂ ಇದೇ ಗುಣಗಳು ಬೇಕಾಗಿವೆ. ಅವರು ಮಾತನಾಡಬೇಕಾದುದು ಮಾತ್ರ ಮನುಷ್ಯರ ಮುಂದಲ್ಲ, ಮೊಬೈಲಿನ ಕ್ಯಾಮೆರಾದ ಮುಂದೆ.

ಬೆಂಗಳೂರು ಮೊದಲಿನಿಂದಲೂ ಉದ್ಯೋಗಾರ್ಥಿಗಳನ್ನು ಸೆಳೆದ ನಗರ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಇಲ್ಲಿ ಸ್ಥಾಪನೆಗೊಂಡವು. ಜಯನಗರ ಬಡಾವಣೆಯು ಹುಟ್ಟಿದುದು ಅದೇ ಕಾಲದಲ್ಲಿ, 1948ರಲ್ಲಿ. ಆಗ ಉದ್ಯೋಗಕ್ಕೆ ಅರ್ಜಿ ಹಾಕುವವನು ಬೆರಳಚ್ಚಿನಲ್ಲಿ ಅರ್ಜಿಯನ್ನು ಸಿದ್ಧಪಡಿಸಿ, ಅಂಕಪಟ್ಟಿಯ ಪ್ರತಿಯನ್ನು ಲಗತ್ತಿಸಿ, ಅಂಚೆಯಲ್ಲಿ ಕಳುಹಿಸಿ, ಸಂದರ್ಶನದ ಕರೆಗಾಗಿ ದಿನಗಳನ್ನು ಎಣಿಸುತ್ತಿದ್ದನು. ಕಾಗದದ ಮೇಲಿನ ಹೆಸರಿಗೆ ಮುಖವೂ ಧ್ವನಿಯೂ ದೊರೆಯುತ್ತಿದ್ದುದು ಸಂದರ್ಶನದ ದಿನವೇ.

ಈಗ ಅರ್ಜಿಯು ಕ್ಷಣಮಾತ್ರದಲ್ಲಿ ಅಂತರ್ಜಾಲದ ಮೂಲಕ ತಲಪುತ್ತದೆ. ಆದರೆ ಕಳುಹಿಸುವುದು ಸುಲಭವಾದಷ್ಟೂ ಅರ್ಜಿಗಳ ರಾಶಿಯು ಬೆಳೆಯುತ್ತದೆ. ಒಂದೇ ಪದವಿ, ಒಂದೇ ಬಗೆಯ ಅಂಕಗಳು, ಒಂದೇ ಬಗೆಯ ವಾಕ್ಯಗಳು ಇರುವ ನೂರಾರು ಅರ್ಜಿಗಳ ನಡುವೆ ಒಬ್ಬರನ್ನು ಗುರುತಿಸುವುದು ಕಷ್ಟ. ಈ ಕಾರಣದಿಂದ ಕೆಲವು ಖಾಸಗಿ ಸಂಸ್ಥೆಗಳು ಅರ್ಜಿಯ ಜೊತೆಗೆ ಒಂದೆರಡು ನಿಮಿಷಗಳ ವಿಡಿಯೊ ಪರಿಚಯವನ್ನು ಕೇಳುತ್ತವೆ. ಕೆಲವು ಅಭ್ಯರ್ಥಿಗಳು ತಾವಾಗಿಯೇ ಕಳುಹಿಸುತ್ತಾರೆ. 2021ರ ಜುಲೈ ತಿಂಗಳಿನಲ್ಲಿ ಟಿಕ್‌ಟಾಕ್ ಸಂಸ್ಥೆಯು ಅಮೆರಿಕದಲ್ಲಿ ಇಂತಹ ಅರ್ಜಿಗಳನ್ನು ಪ್ರಯೋಗವಾಗಿ ಸ್ವೀಕರಿಸಿತು. ಬೋಧನೆ, ಮಾರಾಟ, ಗ್ರಾಹಕರ ಸೇವೆ ಮೊದಲಾದ, ಮಾತೇ ಮುಖ್ಯವಾದ ಕೆಲಸಗಳಿಗೆ ಈ ಕ್ರಮವು ಹೆಚ್ಚು ಒಪ್ಪುತ್ತದೆ. ಸರಕಾರಿ ಹುದ್ದೆಗಳಿಗೆ ಸಾಮಾನ್ಯವಾಗಿ ಪರೀಕ್ಷೆ ಮತ್ತು ಅಂಕಗಳ ಆಧಾರದ ಮೇಲೆ ಆಯ್ಕೆ ನಡೆಯುವುದರಿಂದ ಅಲ್ಲಿ ಇದಕ್ಕೆ ಸ್ಥಾನವಿಲ್ಲ.

ದಕ್ಷಿಣ ಬೆಂಗಳೂರಿನಲ್ಲಿ ಇಂತಹ ಅಭ್ಯರ್ಥಿಗಳು ಬಹಳ ಮಂದಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿ.ಟಿ.ಎಂ. ಬಡಾವಣೆಯಲ್ಲಿ ನಾಡಿನ ಅನೇಕ ಜಿಲ್ಲೆಗಳಿಂದ ಬಂದ ಯುವಜನರು ಬಾಡಿಗೆ ಕೋಣೆಗಳಲ್ಲಿ ವಾಸಿಸುತ್ತಾರೆ. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಮೆಟ್ರೊದ ಹಳದಿ ಮಾರ್ಗವು ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಹೊರಟು ಇದೇ ಬಡಾವಣೆಯ ಮೂಲಕ ಎಲೆಕ್ಟ್ರಾನಿಕ್ಸ್ ಸಿಟಿಯತ್ತ ಸಾಗುತ್ತದೆ. ಅಲ್ಲಿನ ಸಂಸ್ಥೆಗಳನ್ನು ತಲಪುವ ದಾರಿಯು ಹತ್ತಿರವಾಗಿದೆ. ಅವುಗಳ ಬಾಗಿಲು ಮಾತ್ರ ಸುಲಭವಾಗಿ ತೆರೆಯುವುದಿಲ್ಲ.

ಬನಶಂಕರಿಯಲ್ಲಿ ವಾಸಿಸುವ ಒಬ್ಬ ತರುಣಿಯನ್ನು ಕಲ್ಪಿಸಿಕೊಳ್ಳಬಹುದು. ಅವಳು ಕನ್ನಡ ಮಾಧ್ಯಮದಲ್ಲಿ ಓದಿ, ವಾಣಿಜ್ಯ ಪದವಿಯನ್ನು ಪಡೆದು, ಲೆಕ್ಕಪತ್ರ ವಿಭಾಗದ ಹುದ್ದೆಯೊಂದಕ್ಕೆ ಅರ್ಜಿ ಸಲ್ಲಿಸಬೇಕಾಗಿದೆ. ಇಂಗ್ಲಿಷಿನಲ್ಲಿ ತಡವರಿಸಿದರೆ ಎಲ್ಲಿ ನಗೆಪಾಟಲಾಗುವೆನೋ ಎಂಬ ಅಳುಕು ಅವಳಿಗೆ. ಆದುದರಿಂದ ಮೊದಲ ಪ್ರಯತ್ನದಲ್ಲಿ ಅವಳು ಯಾವುದೋ ಮಾದರಿಯನ್ನು ಬಾಯಿಪಾಠ ಮಾಡಿ, ತಾನು ಶ್ರಮಜೀವಿ, ಪ್ರಾಮಾಣಿಕಳು, ಬೇಗ ಕಲಿಯುವವಳು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಇವು ಯಾರಿಗೆ ಬೇಕಾದರೂ ಒಪ್ಪುವ ಮಾತುಗಳಾದುದರಿಂದ ಯಾರನ್ನೂ ಪರಿಚಯಿಸುವುದಿಲ್ಲ.

ಎರಡನೆಯ ಪ್ರಯತ್ನದಲ್ಲಿ ಅವಳು ತನ್ನ ಅನುಭವವನ್ನು ನೆನೆಯುತ್ತಾಳೆ. ಕಾಲೇಜಿನ ದಿನಗಳಲ್ಲಿ ಅವಳು ಸೋದರಮಾವನ ದಿನಸಿ ಅಂಗಡಿಯ ಲೆಕ್ಕವನ್ನು ನೋಡಿಕೊಂಡಿದ್ದಳು. ಹಳೆಯ ಪುಸ್ತಕದಲ್ಲಿದ್ದ ಸಾಲದ ಬಾಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದಳು. ಮೂರು ದಿನ ಹಿಡಿಯುತ್ತಿದ್ದ ತಿಂಗಳ ಕೊನೆಯ ಲೆಕ್ಕವು ಅಂದಿನಿಂದ ಒಂದೇ ಸಂಜೆಯಲ್ಲಿ ಮುಗಿಯುತ್ತಿತ್ತು. ಈ ಸಂಗತಿಯನ್ನು ಅವಳು ಸರಳವಾದ ಚಿಕ್ಕ ವಾಕ್ಯಗಳಲ್ಲಿ ಹೇಳಿದಾಗ, ಶ್ರಮಜೀವಿ ಎಂಬ ಪದವನ್ನು ಬಳಸುವ ಅಗತ್ಯವೇ ಬೀಳುವುದಿಲ್ಲ. ಕೇಳುವವರಿಗೆ ಅದು ತಾನಾಗಿಯೇ ತಿಳಿಯುತ್ತದೆ. ತಾನು ಮಾಡಿದ ಕೆಲಸವನ್ನು ಹೇಳುವಾಗ ಭಾಷೆಯ ಅಳುಕೂ ಅರ್ಧ ಕಡಿಮೆಯಾಗುತ್ತದೆ.

ಉತ್ತಮವಾದ ಪರಿಚಯದಲ್ಲಿ ಮೂರು ಅಂಶಗಳಿದ್ದರೆ ಸಾಕು: ತಾನು ಯಾರು, ತಾನು ಮಾಡಿರುವ ಒಂದು ಕೆಲಸ ಯಾವುದು, ಈ ಹುದ್ದೆಗೆ ಅದು ಹೇಗೆ ಉಪಯುಕ್ತ. ಇವನ್ನು ನೋಟುಪುಸ್ತಕದ ಅರ್ಧ ಪುಟಕ್ಕೆ ಮೀರದಂತೆ ಮೊದಲು ಬರೆದುಕೊಳ್ಳಬೇಕು. ಕ್ಯಾಮೆರಾದ ಮುಂದೆ ಅದನ್ನು ಓದಬಾರದು; ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಬೇಕು.

ಚಿತ್ರೀಕರಣಕ್ಕೆ ದುಬಾರಿ ಸಲಕರಣೆಗಳು ಬೇಕಾಗಿಲ್ಲ. ಕಿಟಕಿಯು ಬೆನ್ನ ಹಿಂದಿದ್ದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿ ತೋರಿಸುತ್ತದೆ. ಆದುದರಿಂದ ಕಿಟಕಿಯು ಮುಖದೆದುರಿಗೆ ಇರಬೇಕು. ಬರಿಯ ಗೋಡೆಗಳು ಧ್ವನಿಯನ್ನು ಪ್ರತಿಧ್ವನಿಸುತ್ತವೆ; ಪರದೆ, ಹಾಸಿಗೆ, ಬಟ್ಟೆಗಳಿರುವ ಕೋಣೆಯು ಅದನ್ನು ಹೀರಿಕೊಳ್ಳುತ್ತದೆ. ನಾಲ್ಕಾರು ಪುಸ್ತಕಗಳನ್ನು ಪೇರಿಸಿ ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ತರಬಹುದು. ಪರದೆಯ ಮೇಲಿನ ತನ್ನದೇ ಚಿತ್ರವನ್ನು ನೋಡದೆ ಕ್ಯಾಮೆರಾದ ಕಣ್ಣನ್ನು ನೋಡಿದರೆ, ಎದುರಿಗಿರುವವರನ್ನು ನೋಡಿ ಮಾತನಾಡಿದಂತಾಗುತ್ತದೆ. ಒಂದೇ ಕೋಣೆಯಲ್ಲಿ ಮೂವರು ವಾಸಿಸುವಲ್ಲಿ, ಕುಕ್ಕರಿನ ಕೂಗು ಮತ್ತು ಆಟೋರಿಕ್ಷಾಗಳ ಸದ್ದಿನ ನಡುವೆ, ನಿಶ್ಶಬ್ದವೇ ಎಲ್ಲಕ್ಕಿಂತ ದುರ್ಲಭವಾದ ವಸ್ತು. ಅಂತಹವರಿಗೆ ಬೀದಿಯು ಎಚ್ಚರಗೊಳ್ಳುವ ಮುನ್ನ, ಮುಂಜಾನೆಯ ಮೊದಲ ಬೆಳಕು ಅನುಕೂಲ.

ಈ ಕ್ರಮಕ್ಕೆ ಇನ್ನೊಂದು ಮುಖವೂ ಉಂಟು. ಕಾಗದದ ಅರ್ಜಿಯಲ್ಲಿ ಕಾಣದಿದ್ದ ಮೈಬಣ್ಣ, ಉಡುಪು, ಮಾತಿನ ಧಾಟಿ, ಮನೆಯ ಬಡತನ ಎಲ್ಲವೂ ವಿಡಿಯೊದಲ್ಲಿ ಕಾಣುತ್ತವೆ. ನೋಡುವವರು ಯೋಗ್ಯತೆಯನ್ನು ಬಿಟ್ಟು ಇವುಗಳನ್ನೇ ಅಳೆಯುವ ಅಪಾಯವಿದೆ. ಯಂತ್ರವು ಅಳೆದರೂ ಈ ಅಪಾಯವು ತಪ್ಪುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2020ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಸಂದರ್ಶನದ ವಿಡಿಯೊವನ್ನು ಕೃತಕ ಬುದ್ಧಿಮತ್ತೆಯಿಂದ ಪರೀಕ್ಷಿಸುವ ಮೊದಲು ಅಭ್ಯರ್ಥಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಅಭ್ಯರ್ಥಿಯು ಕೇಳಿಕೊಂಡರೆ 30 ದಿನಗಳೊಳಗೆ ಅದನ್ನು ಅಳಿಸಬೇಕು. ಅಭ್ಯರ್ಥಿಯೂ ತನ್ನ ಎಚ್ಚರದಲ್ಲಿರಬೇಕು. ವಿಡಿಯೊದಲ್ಲಿ ಮನೆಯ ವಿಳಾಸ, ಆಧಾರ್ ಸಂಖ್ಯೆಗಳನ್ನು ಹೇಳಬಾರದು. ಉದ್ಯೋಗದ ಹೆಸರಿನಲ್ಲಿ ಹಣ ಕೇಳುವವರಿಗೆ ಅದನ್ನು ಕಳುಹಿಸಲೇಬಾರದು.

ರಾಮನು ಹನುಮಂತನ ನುಡಿಯನ್ನು ಮೆಚ್ಚಿದುದು ಅವರ ಸಂಬಂಧದ ಆರಂಭ ಮಾತ್ರ. ಮುಂದೆ ಕಡಲನ್ನು ದಾಟಿ ಸೀತೆಯ ಸುದ್ದಿಯನ್ನು ತಂದಾಗ ಆ ಮೆಚ್ಚುಗೆಯು ಸಾರ್ಥಕವಾಯಿತು. ವಿಡಿಯೊ ಪರಿಚಯವೂ ಅಂತಹ ಆರಂಭವೇ. ಒಂದು ನಿಮಿಷದಲ್ಲಿ ಆಡಿದ ಮಾತನ್ನು ಉದ್ಯೋಗದ ಪ್ರತಿದಿನವೂ ಪರೀಕ್ಷಿಸುತ್ತದೆ. ಆದುದರಿಂದ ಕ್ಯಾಮೆರಾದ ಮುಂದೆ ನಿಲ್ಲುವ ಮುನ್ನ, ಹೇಳಿಕೊಳ್ಳಲು ಯೋಗ್ಯವಾದ ಒಂದು ಕೆಲಸವನ್ನು ಮಾಡಿರುವುದೇ ನಿಜವಾದ ಸಿದ್ಧತೆ.