ಮುದ್ರೆಗೆ ಮರುಳಾಗುವ ಮುನ್ನ

ಅಣ್ಣನ ಮಗಳ ಕೈಸರಪಳಿಯಲ್ಲೊಂದು ಪುಟ್ಟ ಹೃದಯ ತೂಗಾಡುತ್ತಿತ್ತು. ಹೃದಯದ ಮೇಲೆ ‘ಟಿಫನಿ’ ಎಂಬ ಹೆಸರು, ಕೊಂಡಿಯ ಪಕ್ಕದಲ್ಲಿ ‘925’ ಎಂಬ ಮುದ್ರೆ. ಆನ್‌ಲೈನಿನಲ್ಲಿ ತರಿಸಿದ್ದು. ಎರಡೇ ತಿಂಗಳಿಗೆ ಮಣಿಕಟ್ಟಿನ ಸುತ್ತ ಹಸಿರು ಗೆರೆ ಮೂಡಿತು. ಬೆಂಗಳೂರಿನ ಅವೆನ್ಯೂ ರಸ್ತೆಯ ಗಲ್ಲಿಯೊಂದರಲ್ಲಿ ಕೂರುವ ಹಿರಿಯ ಅಕ್ಕಸಾಲಿಗರ ಮುಂದೆ ಇಟ್ಟೆವು. ಅವರು ಹೃದಯವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕೊಂಡಿ ಸವೆದ ಜಾಗಕ್ಕೆ ಉಗುರಿಟ್ಟು, “ಇಲ್ಲಿ ನೋಡಮ್ಮ, ಹಿತ್ತಾಳೆ ಇಣುಕ್ತಾ ಇದೆ” ಎಂದರು.

ಆ ಹೃದಯಕ್ಕೊಂದು ಕಥೆಯಿದೆ. ನ್ಯೂಯಾರ್ಕಿನ ಟಿಫನಿ ಕಂಪನಿ 1969ರಲ್ಲಿ ಕೀಲಿ ಪೋಣಿಸುವ ಬಳೆಯೊಂದನ್ನು ಮಾಡಿತು. ಕಳೆದುಹೋದ ಕೀಲಿ ಸಿಕ್ಕಿದವರು ಅಂಗಡಿಗೆ ತಲುಪಿಸಲಿ ಎಂದು ಅದರ ಬಿಲ್ಲೆಯ ಮೇಲೆ ಕಂಪನಿಯ ಹೆಸರು ಕೆತ್ತಿಸಿತು. ಆ ಬಿಲ್ಲೆಯೇ ಮುಂದೆ ಹೃದಯವಾಗಿ ಸರಪಳಿಗೆ ಏರಿತು. ಜಗತ್ತಿನ ನಕಲುಗಾರರಿಗೆ ಕೈತುಂಬ ಕೆಲಸ ಕೊಟ್ಟಿತು. 2004ರಲ್ಲಿ ಟಿಫನಿ ತಾನೇ ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ತನ್ನ ಹೆಸರಿನ ಬೆಳ್ಳಿ ಒಡವೆಗಳನ್ನು ಕೊಂಡು ನೋಡಿತು. ನೂರಕ್ಕೆ 73ರಷ್ಟು ನಕಲಿ ಎಂದು, ಇಬೇ ಮೇಲೆ ಹೂಡಿದ ದಾವೆಯಲ್ಲಿ ಕೋರ್ಟಿನ ಮುಂದೆ ಹೇಳಿತು. ಆ ಲೆಕ್ಕದ ಕ್ರಮದಲ್ಲಿ ಲೋಪವಿದೆ ಎಂದ ನ್ಯಾಯಾಲಯ, ನಕಲಿ ಮಾಲು ಗಣನೀಯವಾಗಿದೆ ಎಂಬುದನ್ನು ಒಪ್ಪಿತು. ಆದರೂ 2008ರಲ್ಲಿ, ಮತ್ತೆ 2010ರ ಮೇಲ್ಮನವಿಯಲ್ಲಿ, ಸೋತದ್ದು ಟಿಫನಿಯೇ.

ನಮ್ಮ ಪೇಟೆಯಲ್ಲಿ ಇಂಥದಕ್ಕೆ ‘ಫಸ್ಟ್ ಕಾಪಿ’ ಎಂಬ ಗೌರವದ ಹೆಸರಿದೆ. ಒಂದು ಬಗೆ, ಹಿತ್ತಾಳೆಗೆ ಬೆಳ್ಳಿಯ ಲೇಪ. ಇನ್ನೊಂದು ಜರ್ಮನ್ ಸಿಲ್ವರ್. ಅದು ತಾಮ್ರ, ನಿಕ್ಕಲ್, ಸತುವಿನ ಬೆರಕೆ. ಹೆಸರಿನಲ್ಲಿ ಬಿಟ್ಟರೆ ಬೆಳ್ಳಿ ಒಂದು ಚೂರೂ ಇಲ್ಲ. ದೇವರ ಮನೆಯ ತಟ್ಟೆಗೆ ಅದು ತಕ್ಕದ್ದೇ. ಆದರೆ ನಿಕ್ಕಲ್ ಒಗ್ಗದವರ ಕಿವಿಗೆ, ಕತ್ತಿಗೆ ತುರಿಕೆ ತರುತ್ತದೆ. ಮೂರನೆಯ ಬಗೆಯಲ್ಲಿ ಬೆಳ್ಳಿ ನಿಜವಾದದ್ದು, ಹೆಸರು ಮಾತ್ರ ಕದ್ದದ್ದು. ‘925’ ಮುದ್ರೆ ಹೇಳುವಂತೆ ಸಾವಿರಕ್ಕೆ 925 ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆತ್ತಗಾದ್ದರಿಂದ ಗಟ್ಟಿತನಕ್ಕೆ ಈ ಬೆರಕೆ ಬೇಕು.

ಹಾಗಿದ್ದರೆ ಗುರುತಿಸುವುದು ಹೇಗೆ? ಮನೆಮದ್ದುಗಳಲ್ಲಿ ಅಯಸ್ಕಾಂತಕ್ಕೆ ಸಲ್ಲದ ಮರ್ಯಾದೆ. ಬೆಳ್ಳಿ ಅದಕ್ಕೆ ಅಂಟುವುದಿಲ್ಲ, ನಿಜ. ತಾಮ್ರವೂ ಅಂಟುವುದಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ಕಬ್ಬಿಣದ ಕಳ್ಳನೊಬ್ಬ ಮಾತ್ರ ಸಿಕ್ಕಿಬೀಳುತ್ತಾನೆ. ಇದಕ್ಕಿಂತ ನೀರಿನ ಪರೀಕ್ಷೆ ಮೇಲು. ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಒಡವೆಯನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ಮುಳುಗಿಸಿ ಹಿಡಿಯಿರಿ. 20 ಗ್ರಾಂ ತೂಕದ 925 ಬೆಳ್ಳಿಯಾದರೆ ತಕ್ಕಡಿ ಸುಮಾರು 1.93 ಗ್ರಾಂ ತೋರಿಸುತ್ತದೆ. ಅಷ್ಟೇ ತೂಕದ ಹಿತ್ತಾಳೆ 2.35ರ ಆಸುಪಾಸು. ಕಲ್ಲು ಕೂರಿಸಿದ, ಒಳಗೆ ಟೊಳ್ಳಾದ ಒಡವೆಗೆ ಈ ಲೆಕ್ಕ ನಡೆಯದು.

ಇನ್ನು ಕಪ್ಪಾಗುವ ವಿಷಯ. ಬೆಳ್ಳಿ ಗಾಳಿಯಲ್ಲಿನ ಗಂಧಕದ ಅನಿಲಕ್ಕೆ ಕಪ್ಪಾಗುವುದು ಅದರ ಹುಟ್ಟುಗುಣ, ದೋಷವಲ್ಲ. ರೋಡಿಯಂ ಲೋಹದ ಲೇಪ ಕೊಟ್ಟದ್ದು ಮಾತ್ರ ಬಹುಕಾಲ ಬೆಳ್ಳಗೇ ಉಳಿಯುತ್ತದೆ, ಹಾಗಾಗಿ ಹೊಳಪು ನೋಡಿ ತೀರ್ಪು ಕೊಡುವಂತಿಲ್ಲ. ಕೆಲಸದ ಗುಣ ತಿಳಿಯಬೇಕಾದರೆ ಒಡವೆಯನ್ನು ಮಗುಚಿ ಹಾಕಿ. ಬೆಸುಗೆಯ ಗಂಟು ಉಳಿದಿದೆಯೇ? ಸರಪಳಿಯ ಬಳೆಗಳು ಪೂರ್ತಿ ಕೂಡಿವೆಯೇ, ಇಲ್ಲ ಬಾಯಿಬಿಟ್ಟು ಸೀರೆಯ ನೂಲು ಎಳೆಯುತ್ತವೆಯೇ? ಅಕ್ಷರದ ಅಂಚು ಚೂಪಾಗಿದೆಯೇ? ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಮುಖದಲ್ಲಿ ಮೆರುಗು, ಬೆನ್ನಿನಲ್ಲಿ ಉದಾಸೀನ.

‘925’ ಎಂಬ ಮೂರಂಕಿಯನ್ನು ಒಂದು ಉಕ್ಕಿನ ಅಚ್ಚು ಇದ್ದವರು ಯಾರು ಬೇಕಾದರೂ ಒತ್ತಬಹುದು. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಕೊಡುವ ಶುದ್ಧತೆಯ ಮುದ್ರೆ ಹಾಲ್‌ಮಾರ್ಕ್‌ನ ಮಾತು ಬೇರೆ. ಬೆಳ್ಳಿಗೆ ಅದು 2005ರಿಂದ ಇದೆ. 2025ರ ಸೆಪ್ಟೆಂಬರ್ 1ರಿಂದ ಅದರೊಂದಿಗೆ ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆಯೂ ಸೇರಿದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ವಿವರ ಬರುತ್ತದೆ. ಆದರೆ ಚಿನ್ನಕ್ಕಿರುವಂತೆ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಕೇಳಿ ನೋಡಬೇಕು.

ಬೆಳ್ಳಿ ನಿಜವಾದರೂ ಹೆಸರು ಕದ್ದದ್ದಾದರೆ ಮಾರುವುದು ಅಪರಾಧ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಸಜೆಯಿದೆ. ನನ್ನನ್ನು ಕೇಳಿದರೆ, ಹೆಸರಿಲ್ಲದ ಹೃದಯವೇ ಚೆಂದ. ಅಕ್ಕಸಾಲಿಗರು ತೂಕಕ್ಕೆ ತಕ್ಕ ಬೆಲೆಗೆ ಮಾಡಿಕೊಡುತ್ತಾರೆ. ಬಿಲ್ಲಿನಲ್ಲಿ ತೂಕ, ಶುದ್ಧತೆ, ಮಜೂರಿ ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದು ಬನ್ನಿ.