ಮಹಾತ್ಮರ ಚರಿತ್ರೆಯೂ ಮಕ್ಕಳ ಸತ್ಯಶೋಧನೆಯೂ

ಶಾಲೆಯ ಮಕ್ಕಳಿಗೆ ರಾಷ್ಟ್ರನಾಯಕರೊಬ್ಬರ ಜೀವನವನ್ನು ಅಭ್ಯಸಿಸಿ, ಚಿತ್ರಗಳೊಡನೆ ಬರೆದು, ಶಾಲೆಯ ಜಾಲತಾಣದಲ್ಲಿ ಪ್ರಕಟಿಸಲು ಹೇಳುವ ಪರಿಪಾಠವು ಇತ್ತೀಚೆಗೆ ಎಲ್ಲೆಡೆ ಬೆಳೆದಿದೆ. ಇದು ಸ್ವಾಗತಾರ್ಹವಾದ ಕಾರ್ಯವೇ ಸರಿ. ಕಂಠಪಾಠ ಮಾಡಿ ಒಪ್ಪಿಸುವುದಕ್ಕಿಂತ ಹುಡುಕಿ ತಿಳಿಯುವುದು ಮೇಲು. ಆದರೆ ಇದರಲ್ಲೊಂದು ಹೊಣೆಯೂ ಅಡಗಿದೆ. ನೋಟುಪುಸ್ತಕದಲ್ಲಿ ಬರೆದ ತಪ್ಪನ್ನು ಗುರುಗಳು ಕೆಂಪು ಶಾಯಿಯಿಂದ ತಿದ್ದಿದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಜಾಲತಾಣದಲ್ಲಿ ಬರೆದ ತಪ್ಪನ್ನಾದರೋ ಊರೂರಿನ ಬೇರೆ ಮಕ್ಕಳು ನೋಡಿ ನಕಲು ಮಾಡುತ್ತಾರೆ. ಹೀಗೆ ಹತ್ತು ಕಡೆ ಕಂಡ ಸುಳ್ಳು ಹನ್ನೊಂದನೆಯ ಕಡೆಯಲ್ಲಿ ಸತ್ಯವೆನಿಸಿಕೊಳ್ಳುತ್ತದೆ.

ಇಂತಹ ಅಭ್ಯಾಸಕ್ಕೆ ಮಕ್ಕಳು ಹೆಚ್ಚಾಗಿ ಆರಿಸಿಕೊಳ್ಳುವುದು ಮಹಾತ್ಮಾ ಗಾಂಧೀಜಿಯವರನ್ನು. ಸತ್ಯವನ್ನೇ ದೇವರೆಂದು ನಂಬಿದವರ ಚರಿತ್ರೆಯನ್ನು ಅಸತ್ಯ ಬೆರೆಸಿ ಬರೆಯುವುದು ಉಚಿತವೆ? ಆದ್ದರಿಂದ ಅವರ ಜೀವನವನ್ನೇ ನಿದರ್ಶನವಾಗಿ ಇರಿಸಿಕೊಂಡು ಮಕ್ಕಳಿಗೆ ಮಾರ್ಗ ತೋರುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಒಬ್ಬ ಬಾಲಕಿಯ ಪ್ರಶ್ನೆ

2012ನೆಯ ಇಸವಿಯಲ್ಲಿ ಲಖನೌ ನಗರದ ಶಾಲಾ ಬಾಲಕಿಯೊಬ್ಬಳು, ಗಾಂಧೀಜಿಯವರಿಗೆ 'ರಾಷ್ಟ್ರಪಿತ' ಎಂಬ ಬಿರುದನ್ನು ನೀಡಿದ ಸರ್ಕಾರಿ ಆದೇಶ ಯಾವುದೆಂದು ಮಾಹಿತಿ ಹಕ್ಕು ಕಾಯಿದೆಯ ಮೂಲಕ ಪ್ರಧಾನಮಂತ್ರಿಗಳ ಕಾರ್ಯಾಲಯವನ್ನೇ ಕೇಳಿದಳು. ಆ ಅರ್ಜಿಯು ಗೃಹ ಮಂತ್ರಾಲಯಕ್ಕೂ ಅಲ್ಲಿಂದ ರಾಷ್ಟ್ರೀಯ ಅಭಿಲೇಖಾಲಯಕ್ಕೂ ಹೋಯಿತು. ಅಂತಹ ದಾಖಲೆ ಯಾವುದೂ ಇಲ್ಲವೆಂಬುದೇ ಬಂದ ಉತ್ತರ. ವಿದ್ಯೆ ಹಾಗೂ ಸೇನೆಗೆ ಸಂಬಂಧಿಸಿದವುಗಳ ಹೊರತು ಬೇರೆ ಬಿರುದುಗಳನ್ನು ಸರ್ಕಾರವು ಕೊಡುವಂತಿಲ್ಲವೆಂದು ಸಂವಿಧಾನದ 18ನೆಯ ವಿಧಿಯೇ ಹೇಳುತ್ತದೆ.

ಹಾಗಾದರೆ ಆ ಹೆಸರು ಬಂದುದೆಲ್ಲಿಂದ? 1944ರ ಜುಲೈ 6ರಂದು ನೇತಾಜಿ ಸುಭಾಷಚಂದ್ರ ಬೋಸರು ಆಜಾದ್ ಹಿಂದ್ ರೇಡಿಯೊ ಭಾಷಣದಲ್ಲಿ ಗಾಂಧೀಜಿಯವರನ್ನು ಹಾಗೆ ಸಂಬೋಧಿಸಿ ಆಶೀರ್ವಾದವನ್ನು ಕೋರಿದರು. ಗಾಂಧೀಜಿಯವರೊಡನೆ ಭಿನ್ನಾಭಿಪ್ರಾಯ ಹೊಂದಿ ಬೇರೆ ಹಾದಿ ಹಿಡಿದಿದ್ದವರ ಬಾಯಿಂದಲೇ ಈ ಮಾತು ಹೊರಟಿತೆಂಬುದು ಎಷ್ಟು ಅರ್ಥಪೂರ್ಣ! ಸರ್ಕಾರವು ಕೊಡದ ಹೆಸರನ್ನು ಜನರು ಕೊಟ್ಟರು, ಜನರೇ ಉಳಿಸಿಕೊಂಡರು. ಬಾಲಕಿಯ ಒಂದು ಪ್ರಶ್ನೆಯಿಂದ ಗಾಂಧೀಜಿಯವರ ಗೌರವವು ಕುಂದಲಿಲ್ಲ. ನಮ್ಮ ತಿಳಿವು ಹೆಚ್ಚಿತು. ಪ್ರಶ್ನೆಯು ಭಕ್ತಿಯ ವೈರಿಯಲ್ಲವೆಂಬುದನ್ನು ಹಿರಿಯರು ಇದರಿಂದ ಮನಗಾಣಬೇಕು.

'ಮಹಾತ್ಮ' ಎಂಬ ಹೆಸರಿನ ವಿಚಾರವೂ ಇಂತಹುದೇ. ಅದನ್ನು ರವೀಂದ್ರನಾಥ ಠಾಕೂರರು ಕೊಟ್ಟರೆಂಬುದು ರೂಢಿಯ ಮಾತು. 1915ರ ಜನವರಿಯಲ್ಲಿ ಸೌರಾಷ್ಟ್ರದ ಗೊಂಡಲ್‌ನಲ್ಲಿ ಅರ್ಪಿಸಿದ ಮಾನಪತ್ರದಲ್ಲಿಯೇ ಆ ಪದವಿತ್ತೆಂಬ ವಾದವೂ ಇದೆ. ಹೀಗೆ ಎರಡು ಮತಗಳಿರುವಲ್ಲಿ ಎರಡನ್ನೂ ಬರೆಯುವುದೇ ಪ್ರಾಮಾಣಿಕವಾದ ಕ್ರಮ.

ಹೇಳಿದವರು ಯಾರು, ಹೇಳಿದ್ದು ಎಂದು?

ಮಠದ ಪಾಠಶಾಲೆಗಳಲ್ಲಿ ಓಲೆಗರಿಗಳನ್ನು ಓದುವವರಿಗೆ ಮೊದಲು ಕಲಿಸುವುದು ಪ್ರತಿಗಳನ್ನು ಹೋಲಿಸಿ ನೋಡುವುದನ್ನು. ಒಂದೇ ಪ್ರತಿಯನ್ನು ನಂಬಿ ಪಾಠವನ್ನು ನಿರ್ಣಯಿಸಬಾರದು. ಯಾವುದು ಮೂಲ, ಯಾವುದು ನಕಲೆಂಬುದನ್ನು ಅರಿಯಬೇಕು. ಅಂತರಜಾಲದಲ್ಲಿ ಹುಡುಕುವ ಮಕ್ಕಳಿಗೂ ಇದೇ ನಿಯಮ ಸಲ್ಲುತ್ತದೆ.

ಒಂದು ಉದಾಹರಣೆ ಕೊಡುವೆನು. ಗಾಂಧೀಜಿಯವರ ಆತ್ಮಕಥೆಯು 1925ರ ನವೆಂಬರಿನಿಂದ 1929ರ ಫೆಬ್ರುವರಿಯವರೆಗೆ 'ನವಜೀವನ' ಎಂಬ ಗುಜರಾತಿ ವಾರಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟವಾಯಿತು. ಅದರ ಕಥನವು ಸುಮಾರು 1921ರ ಹೊತ್ತಿಗೆ ನಿಂತುಬಿಡುತ್ತದೆ. ಹೀಗಿರುವಾಗ 1930ರ ದಂಡಿಯಾತ್ರೆಯ ವರ್ಣನೆಯನ್ನು ಬರೆದು, ಕೆಳಗೆ 'ಆಧಾರ: ಗಾಂಧೀಜಿಯವರ ಆತ್ಮಕಥೆ' ಎಂದು ಕಾಣಿಸಿದರೆ, ಬರೆದವರು ಆ ಗ್ರಂಥವನ್ನು ತೆರೆದೇ ನೋಡಿಲ್ಲವೆಂದು ತಿಳಿಯಬೇಕು.

ಸೂಕ್ತಿಗಳ ಗತಿಯೂ ಹೀಗೆಯೇ. 'ಜಗತ್ತಿನಲ್ಲಿ ಕಾಣಬಯಸುವ ಬದಲಾವಣೆ ನೀವೇ ಆಗಿರಿ' ಎಂಬ ಅರ್ಥದ ಮಾತು ಗಾಂಧೀಜಿಯವರ ಚಿತ್ರದ ಕೆಳಗೆ ಎಲ್ಲೆಲ್ಲಿಯೂ ಕಾಣುತ್ತದೆ. ಆದರೆ ಅವರ ಬರಹಗಳಲ್ಲಿ ಆ ವಾಕ್ಯವು ಅದೇ ರೂಪದಲ್ಲಿ ದೊರೆತಿಲ್ಲ. ತನ್ನನ್ನು ತಾನು ತಿದ್ದಿಕೊಂಡವನ ಪಾಲಿಗೆ ಜಗತ್ತಿನ ವರ್ತನೆಯೂ ಬದಲಾಗುವುದೆಂಬ ಭಾವವು 1913ರ ಅವರದೊಂದು ಲೇಖನದಲ್ಲಿದೆ, ಅಷ್ಟೆ. ಭಾವ ಸಮೀಪವಾಗಿದ್ದ ಮಾತ್ರಕ್ಕೆ ಆಡದ ಮಾತನ್ನು ಆಡಿದರೆನ್ನಲಾಗದು. ನಮ್ಮ ಸಮಾಜದ ಸ್ಮರಣಸಂಚಿಕೆಗಳಲ್ಲಿಯೂ ದೊಡ್ಡವರ ಪ್ರಶಂಸೆಯ ನುಡಿಗಳನ್ನು ಊರು, ದಿನಾಂಕಗಳಿಲ್ಲದೆ ಅಚ್ಚು ಹಾಕುವ ವಾಡಿಕೆಯುಂಟು. ಮಕ್ಕಳಿಗೆ ಹೇಳುವ ನಿಯಮವನ್ನು ನಾವೂ ಪಾಲಿಸುವುದು ಒಳ್ಳೆಯದು.

ಮೂಲವನ್ನು ನೋಡುವುದು ಇಂದು ಕಠಿಣವಲ್ಲ. ಗಾಂಧೀಜಿಯವರ ಸಮಗ್ರ ಬರಹಗಳನ್ನು ಸಂಗ್ರಹಿಸುವ ಕಾರ್ಯವು 1956ರಲ್ಲಿ ಆರಂಭವಾಗಿ, 1994ರ ವೇಳೆಗೆ ಇಂಗ್ಲಿಷಿನಲ್ಲಿ 100 ಸಂಪುಟಗಳು ಪೂರ್ಣಗೊಂಡವು. 1999ರಲ್ಲಿ ಗಣಕಯಂತ್ರದ ಸಿ.ಡಿ. ರೂಪವೂ, ಅದರ ಆಜುಬಾಜಿನಲ್ಲಿ ಪರಿಷ್ಕೃತ ಆವೃತ್ತಿಯೂ ಹೊರಬಂದಾಗ, ಅನೇಕ ಬರಹಗಳು ಬಿಟ್ಟುಹೋಗಿವೆ, ಕ್ರಮವೂ ಕೆಟ್ಟಿದೆ ಎಂದು ವಿದ್ವಾಂಸರು ಆಕ್ಷೇಪಿಸಿದರು. ಕೊನೆಗೆ 2005ರಲ್ಲಿ ಆ ಪರಿಷ್ಕರಣವನ್ನು ಹಿಂತೆಗೆದುಕೊಳ್ಳಬೇಕಾಯಿತು. ಹೊಸ ಯಂತ್ರದಲ್ಲಿ ಬಂದುದೆಲ್ಲವೂ ಹಳೆಯದಕ್ಕಿಂತ ಶುದ್ಧವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೆ? 2013ರಲ್ಲಿ ಸಾಬರಮತಿ ಆಶ್ರಮದ ವಿಶ್ವಸ್ತ ಮಂಡಲಿಯು 'ಗಾಂಧಿ ಹೆರಿಟೇಜ್ ಪೋರ್ಟಲ್' ಎಂಬ ಜಾಲತಾಣವನ್ನು ತೆರೆದು ಮೂಲ ಸಂಪುಟಗಳ ಪುಟಗಳನ್ನೇ ಓದಲು ಅನುವು ಮಾಡಿತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು.

ಸಂಖ್ಯೆಗಳ ಹಿಂದಿನ ಮನುಷ್ಯರು

1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಯಾತ್ರೆಯು ಏಪ್ರಿಲ್ 5ರಂದು ದಂಡಿಯನ್ನು ಸೇರಿತು. ಮರುದಿನ ಗಾಂಧೀಜಿಯವರು ಉಪ್ಪನ್ನು ಎತ್ತಿ ಕಾನೂನನ್ನು ಮುರಿದರು. ಯಾತ್ರಿಕರ ಸಂಖ್ಯೆಯು ಒಂದು ಪುಸ್ತಕದಲ್ಲಿ 78 ಎಂದೂ ಇನ್ನೊಂದರಲ್ಲಿ 79 ಎಂದೂ ಮತ್ತೊಂದರಲ್ಲಿ ಇನ್ನೂ ಹೆಚ್ಚೆಂದೂ ಇರುವುದನ್ನು ಕಂಡು ಮಕ್ಕಳು ಗಾಬರಿಯಾಗಬೇಕಿಲ್ಲ. ಒಬ್ಬರು ಅನುಯಾಯಿಗಳನ್ನು ಮಾತ್ರ ಎಣಿಸುತ್ತಾರೆ, ಇನ್ನೊಬ್ಬರು ಗಾಂಧೀಜಿಯವರನ್ನೂ ಕೂಡಿಸುತ್ತಾರೆ, ಮತ್ತೊಬ್ಬರು ದಾರಿಯಲ್ಲಿ ಸೇರಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಆ ಯಾತ್ರಿಕರಲ್ಲಿ ನಮ್ಮ ನಾಡಿನವರೊಬ್ಬರಿದ್ದರು. ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರಿಗೆ ಆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು ಗುಂಡಿಗೆ ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠರೂ ಹುತಾತ್ಮರಾದರು. ಗಾಂಧೀಜಿಯವರು ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವು ನಡೆದದ್ದು 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ. ಆ ನೆಲದ ಮಕ್ಕಳು ಎಲ್ಲಿಯದೋ ಪುಟವನ್ನು ನಕಲು ಮಾಡುವುದಕ್ಕಿಂತ ತಮ್ಮ ಊರಿನ ಸ್ಮಾರಕವನ್ನು ಕಣ್ಣಾರೆ ಕಂಡು, ಅಲ್ಲಿಯ ಶಿಲಾಫಲಕವನ್ನು ಓದಿ ಬರೆದರೆ ಅದು ನಾಡಿಗೇ ಉಪಕಾರ.

ಅಪ್ರಿಯ ಸತ್ಯವನ್ನು ಕಂಡಾಗ

ಹುಡುಕುವ ಮಕ್ಕಳಿಗೆ ಸ್ತುತಿಯಷ್ಟೇ ದೊರೆಯುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ತರುಣರಾಗಿದ್ದಾಗ ಗಾಂಧೀಜಿಯವರು ಅಲ್ಲಿಯ ಮೂಲನಿವಾಸಿಗಳ ವಿಷಯದಲ್ಲಿ ಬರೆದ ಅಗೌರವದ ಮಾತುಗಳೂ ಕಣ್ಣಿಗೆ ಬೀಳುತ್ತವೆ. ಆ ಕಾರಣದಿಂದಲೇ 2018ರಲ್ಲಿ ಘಾನಾ ದೇಶದ ವಿಶ್ವವಿದ್ಯಾಲಯವೊಂದರ ಆವರಣದಿಂದ ಅವರ ಪ್ರತಿಮೆಯನ್ನು ತೆಗೆಯಲಾಯಿತು. 1932ರ ಪುಣೆ ಒಪ್ಪಂದದ ವಿಚಾರದಲ್ಲಿ ಡಾ. ಅಂಬೇಡ್ಕರರು ಮಾಡಿದ ತೀಕ್ಷ್ಣ ವಿಮರ್ಶೆಯೂ ಎದುರಾಗುತ್ತದೆ. ಆಗ ಹಿರಿಯರು 'ಅದನ್ನು ಓದಬೇಡ' ಎಂದು ಗದರಿದರೆ ಮಗುವು ಓದುವುದನ್ನು ಬಿಡುವುದಿಲ್ಲ. ಹಿರಿಯರನ್ನು ಕೇಳುವುದನ್ನು ಬಿಡುತ್ತದೆ. ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಇಲ್ಲಿ ಗಾಂಧೀಜಿಯವರೇ ನಮಗೆ ದಾರಿ ತೋರಿದ್ದಾರೆ. ಅಣ್ಣನ ಕಡಗದಿಂದ ಬಂಗಾರದ ಚೂರನ್ನು ಕದ್ದು, ಪತ್ರ ಬರೆದು ತಂದೆಯವರ ಮುಂದೆ ಒಪ್ಪಿಕೊಂಡುದನ್ನು ಅವರು ಮುಚ್ಚಿಡಲಿಲ್ಲ. 1919ರಲ್ಲಿ ಸಿದ್ಧತೆಯಿಲ್ಲದ ಜನರನ್ನು ಸತ್ಯಾಗ್ರಹಕ್ಕೆ ಕರೆದುದು ಹಿಮಾಲಯದಷ್ಟು ದೊಡ್ಡ ಪ್ರಮಾದವೆಂದು ಬಹಿರಂಗವಾಗಿ ಸಾರಿದರು. ತಮ್ಮ ಎರಡು ಮಾತುಗಳಲ್ಲಿ ವಿರೋಧ ಕಂಡುಬಂದರೆ ನಂತರದ್ದನ್ನೇ ಗ್ರಹಿಸಬೇಕೆಂದು 1933ರಲ್ಲಿ 'ಹರಿಜನ' ಪತ್ರಿಕೆಯಲ್ಲಿ ಬರೆದರು. ಆದುದರಿಂದ ದಿನಾಂಕವಿಲ್ಲದೆ ಅವರ ಮಾತನ್ನು ಉದ್ಧರಿಸುವುದು, ಅದು ಹೊಗಳಿಕೆಗಾಗಿಯೇ ಇರಲಿ ತೆಗಳಿಕೆಗಾಗಿಯೇ ಇರಲಿ, ಅವರಿಗೆ ಮಾಡುವ ಅನ್ಯಾಯವೇ ಆಗುತ್ತದೆ. ಬೆಳೆದ ಮನುಷ್ಯನ ಚರಿತ್ರೆಯನ್ನು ಅವನ ಬೆಳವಣಿಗೆಯೊಡನೆಯೇ ಓದಬೇಕು.

ಮನೆಯವರ ಕರ್ತವ್ಯ

ತಾಯಿತಂದೆಗಳು ಮಗುವಿನ ಬದಲಾಗಿ ತಾವೇ ಪುಟಗಳನ್ನು ಸಿದ್ಧಪಡಿಸಿಕೊಡುವುದು ಸಲ್ಲದು. ಮಗುವಿನ ಪಕ್ಕದಲ್ಲಿ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಈ ಮಾತು ನಿನಗೆ ಎಲ್ಲಿ ದೊರೆಯಿತು? ಅವರಿಗೆ ಅದು ಎಲ್ಲಿಂದ ದೊರೆಯಿತು? ಇದನ್ನು ಒಪ್ಪದವರು ಏನನ್ನುತ್ತಾರೆ? ಉತ್ತರ ಸಿಗದ ವಾಕ್ಯವನ್ನು ಬಿಟ್ಟುಬಿಡಲು ಹೇಳಬೇಕು. ಹತ್ತು ಪುಟಗಳು ನಾಲ್ಕಕ್ಕೆ ಇಳಿದರೆ ಚಿಂತೆಯಿಲ್ಲ. ಆ ನಾಲ್ಕು ಪುಟಗಳು ಮಗುವಿನವೇ ಆಗಿರುತ್ತವೆ, ನಿಜವೂ ಆಗಿರುತ್ತವೆ. ಅಂಕಗಳು ಆ ವರ್ಷಕ್ಕೆ ಮುಗಿಯುತ್ತವೆ. ಪರೀಕ್ಷಿಸಿ ನಂಬುವ ಗುಣವು ಬಾಳಿನುದ್ದಕ್ಕೂ ಕಾಯುತ್ತದೆ.