ಮೂರು ವಾರವಾದರೂ ಬಿಡದ ಗಂಟಲು

ತಿಪಟೂರು ಸೀಮೆಯಲ್ಲಿ ಗಂಟಲು ಕಟ್ಟಿದವರಿಗೆ ಕಾರಣಕ್ಕೇನೂ ಬರವಿಲ್ಲ. ಅಟ್ಟದ ಮೇಲೆ ವರ್ಷವೊಪ್ಪತ್ತು ಒಣಗಿದ ಕಾಯಿ ಇಳಿಸಿ ಸುಲಿಸುವ ದಿನಗಳಾದರೆ ಧೂಳು. ನಾರಿನ ಫ್ಯಾಕ್ಟರಿಗೆ ಹೋಗುವವರಾದರೆ ಅಲ್ಲಿನ ಪುಡಿ. ಬಿಸಿಲಲ್ಲಿ ದಣಿದು ಬಂದು ಎಳನೀರು ಕುಡಿದಿದ್ದರೆ ಶೀತ, ಕುಡಿಯದೇ ಇದ್ದರೆ ಉಷ್ಣ. ಜಾತ್ರೆಯಲ್ಲಿ ಕೂಗಾಡಿದ್ದು, ಭಜನೆಯಲ್ಲಿ ದನಿ ಏರಿಸಿದ್ದು, ಮಂಡಿಯಲ್ಲಿ ಕೊಬ್ಬರಿ ರೇಟಿಗೆ ಜಗ್ಗಾಡಿದ್ದು ಬೇರೆ. ಇವು ಯಾವುವೂ ಸುಳ್ಳು ಕಾರಣಗಳಲ್ಲ. ಆದರೆ ಕಾರಣವೊಂದು ಸಿಕ್ಕಿತೆಂದರೆ ದಿನ ಎಣಿಸುವುದನ್ನು ಬಿಟ್ಟುಬಿಡುತ್ತೇವೆ. ಗಂಟಲು ಮತ್ತು ಧ್ವನಿಪೆಟ್ಟಿಗೆಯ ಕ್ಯಾನ್ಸರ್ ತಡವಾಗಿ ಪತ್ತೆಯಾಗುವುದು ಹೆಚ್ಚಾಗಿ ಹೀಗೆಯೇ.

“ಧೂಳಿಗೆ ಕಟ್ಕಂಡೈತೆ, ತಾನೇ ಬಿಡುತ್ತೆ”

ಧೂಳು, ಶೀತ, ಕೂಗಾಟದಿಂದ ಧ್ವನಿತಂತುಗಳು ಊದಿಕೊಳ್ಳುವುದು ನಿಜ. ಆ ಊತ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಮೂರು ವಾರ ಕಳೆದರೂ ದನಿ ಗೊಗ್ಗರಾಗಿಯೇ ಉಳಿದರೆ ಕಾರಣ ಏನೇ ಇರಲಿ, ಕಿವಿ-ಮೂಗು-ಗಂಟಲು ವೈದ್ಯರು ಒಳಗೆ ನೋಡಲೇಬೇಕು. ಮೂರು ವಾರ ಎನ್ನುವುದು ಬ್ರಿಟನ್ ವೈದ್ಯರ ಹಳೆಯ ಲೆಕ್ಕ, ಅಮೆರಿಕದ ವೈದ್ಯರ 2018ರ ಮಾರ್ಗಸೂಚಿ ನಾಲ್ಕು ವಾರ ಎನ್ನುತ್ತದೆ. ಆ ಒಂದು ವಾರದ ವ್ಯತ್ಯಾಸಕ್ಕೆ ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಮ್ಮ ಕಡೆ ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಮಾತಾಡುವಾಗ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರುತ್ತವೆ, ಹೆಂಗಸರದ್ದು ಸುಮಾರು ಇನ್ನೂರು ಸಲ. ಅವುಗಳ ಅಂಚಿನಲ್ಲಿ ರಾಗಿಕಾಳಿನಷ್ಟು ಗಂಟು ಎದ್ದರೂ ದನಿ ಕೆಡುತ್ತದೆ. ಹಾಗಾಗಿ ಧ್ವನಿತಂತುವಿನ ಮೇಲೇ ಹುಟ್ಟುವ ಕ್ಯಾನ್ಸರ್ ತೀರಾ ಚಿಕ್ಕದಿರುವಾಗಲೇ ಸುಳಿವು ಕೊಡುತ್ತದೆ. ಅದೂ ಅಲ್ಲದೆ ಆ ತಂತುಗಳಲ್ಲಿ ದುಗ್ಧನಾಳಗಳು ತೀರಾ ಕಡಿಮೆ, ಆದ್ದರಿಂದ ರೋಗ ಕುತ್ತಿಗೆಯ ಗ್ರಂಥಿಗಳಿಗೆ ಬೇಗ ಹರಡುವುದಿಲ್ಲ. ಮೊದಲ ಹಂತದಲ್ಲಿ ಹಿಡಿದರೆ ಹತ್ತರಲ್ಲಿ ಒಂಬತ್ತು ಮಂದಿಯಷ್ಟು ಗುಣವಾಗುತ್ತಾರೆ. ಇಷ್ಟು ಬೇಗ ಎಚ್ಚರಿಸುವ ಕ್ಯಾನ್ಸರುಗಳು ಹೆಚ್ಚಿಲ್ಲ. ಅಂಥದ್ದನ್ನೂ ಜ್ಯೇಷ್ಠಮಧು ಜಗಿದು, ಉಪ್ಪುನೀರು ಮುಕ್ಕಳಿಸಿ ಮುಂದಕ್ಕೆ ತಳ್ಳುತ್ತೇವಲ್ಲ!

“ಹೆಚ್ಚು ಮಾತಾಡಿದ್ದಕ್ಕೆ” ಎಂಬ ವಿವರಣೆಯೂ ಹಳೆಯದೇ. 1885ರಲ್ಲಿ ರಾಮಕೃಷ್ಣ ಪರಮಹಂಸರಿಗೆ ಗಂಟಲು ನೋವು ಶುರುವಾದಾಗ ಅದನ್ನು ಮೊದಲು ಸತತವಾಗಿ ಉಪದೇಶ ಮಾಡುವವರಿಗೆ ಬರುವ ಗಂಟಲಬೇನೆ ಎಂದೇ ತಿಳಿದಿದ್ದರು. ಆಮೇಲೆ ಅದು ಕ್ಯಾನ್ಸರ್ ಎಂದು ಗೊತ್ತಾಯಿತು. 1886ರ ಆಗಸ್ಟ್‌ನಲ್ಲಿ ಅವರು ಕಾಶೀಪುರದ ತೋಟದ ಮನೆಯಲ್ಲಿ ತೀರಿಕೊಂಡರು. ಆ ಕಾಲಕ್ಕೆ ಬೇಗ ಗೊತ್ತಾಗಿದ್ದರೂ ಮಾಡಲು ಹೆಚ್ಚೇನಿರಲಿಲ್ಲ. ಈಗ ಹಾಗಲ್ಲ.

“ಗ್ಯಾಸ್ಟ್ರಿಕ್ ಇರಬೇಕು”

ನಮ್ಮಲ್ಲಿ ಎದೆಯಿಂದ ಮಂಡಿಯವರೆಗಿನ ಎಲ್ಲ ನೋವಿಗೂ ಗ್ಯಾಸ್ಟ್ರಿಕ್ಕೇ ಹೊಣೆ. ಹೊಟ್ಟೆಯ ಆಮ್ಲ ಮೇಲೇರಿ ದನಿ ಒರಟಾಗುವುದುಂಟು. ಆದರೆ ಗಂಟಲೊಳಗೆ ಒಮ್ಮೆಯೂ ನೋಡದೆ, ಬರೀ ದನಿ ಕೆಟ್ಟಿದ್ದಕ್ಕೆ ಗ್ಯಾಸ್ ಮಾತ್ರೆ ಕೊಡುತ್ತಾ ಹೋಗಬೇಡಿ ಎಂದು ಅದೇ 2018ರ ಮಾರ್ಗಸೂಚಿ ವೈದ್ಯರಿಗೇ ಹೇಳುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಮಾತ್ರೆಗಂತೂ ಹೇಳುವುದೇ ಬೇಡ.

ಇಲ್ಲೊಂದು ಸಮಾಧಾನದ ಮಾತೂ ಇದೆ. ಗಂಟಲಲ್ಲಿ ಏನೋ ಉಂಡೆ ಕೂತಂತೆ, ಉಗುಳು ನುಂಗುವಾಗೆಲ್ಲ ಅಡ್ಡಬಂದಂತೆ ಅನ್ನಿಸಿ, ಊಟಕ್ಕೆ ಕೂತರೆ ಮಾಯವಾಗುವುದು ಬಹಳ ಜನರಿಗೆ ಇರುತ್ತದೆ. ಅದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಊಟ ಮಾಡುವಾಗಲೇ ಸಿಕ್ಕಿಕೊಳ್ಳುವುದು, ಒಂದೇ ಪಕ್ಕದಲ್ಲಿ ನೋಯುವುದು, ದಿನದಿಂದ ದಿನಕ್ಕೆ ಹೆಚ್ಚಾಗುವುದು ಬೇರೆ ಕಥೆ.

“ವಯಸ್ಸಾಯ್ತು, ಮುದ್ದೆ ಇಳಿಯಲ್ಲ”

ಇದನ್ನು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮದು ಮುದ್ದೆ ನುಂಗುವ ನಾಡು. ಅಗಿಯದೆ ನುಂಗುವ ಊಟ ಇರುವ ಕಡೆ ಗಂಟಲು ಕಿರಿದಾದರೆ ಬೇಗ ತಿಳಿಯಬೇಕು, ತಿಳಿಯುತ್ತದೆ ಕೂಡ. ಆದರೆ ಮನೆಯಲ್ಲಿ ನಡೆಯುವುದೇ ಬೇರೆ. ಮುದ್ದೆ ಸಿಕ್ಕಿಕೊಳ್ಳುತ್ತದೆ ಎಂದು ಅನ್ನ-ಸಾರಿಗೆ ಬರುತ್ತಾರೆ. ಅನ್ನವೂ ತಡೆಯುತ್ತದೆ ಎಂದು ಮಜ್ಜಿಗೆಯಲ್ಲಿ ಕಿವುಚಿಕೊಳ್ಳುತ್ತಾರೆ. ಕೊನೆಗೆ ಗಂಜಿ, ಹಾಲು, ಎಳನೀರು. ಪ್ರತಿ ಹೆಜ್ಜೆಯಲ್ಲೂ ತೊಂದರೆ ಪರಿಹಾರವಾದಂತೆ ಕಾಣುತ್ತದೆ. ಹೀಗೆ ಗಟ್ಟಿಯಿಂದ ಮೆತ್ತಗೆ, ಮೆತ್ತಗಿನಿಂದ ನೀರಿಗೆ ಇಳಿಯುವುದು ಗಂಟಲ ತಳದ ಅಥವಾ ಅನ್ನನಾಳದ ಗಂಟು ಬೆಳೆಯುತ್ತಿರುವುದರ ಲಕ್ಷಣ. “ಅಜ್ಜಿ ಉಣ್ಣೋದು ಬಿಟ್ಟವಳೆ, ಸೊರಗವಳೆ” ಎನ್ನುವ ಮನೆಯವರು ಮೊದಲು ಕೇಳಬೇಕಾದದ್ದು ಮುದ್ದೆ ಬಿಟ್ಟದ್ದು ಯಾವಾಗ, ಯಾಕೆ ಎಂದು.

ಅಜ್ಜಿ ಎಂದು ಸುಮ್ಮನೆ ಹೇಳಲಿಲ್ಲ. ಬೀಡಿ ಸೇದದ, ಹೆಂಡ ಮುಟ್ಟದ ಹೆಂಗಸರಿಗೆ ಗಂಟಲ ಕ್ಯಾನ್ಸರ್ ಬರುವುದಿಲ್ಲ ಎಂಬುದೂ ತಪ್ಪು. ವರ್ಷಗಟ್ಟಲೆ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇರುವ ಕೆಲವು ಹೆಂಗಸರಲ್ಲಿ ಅನ್ನನಾಳದ ಬಾಯಿಯ ಹತ್ತಿರ ತೆಳು ಪೊರೆ ಕಟ್ಟಿಕೊಂಡು ನುಂಗಲು ಕಷ್ಟವಾಗುತ್ತದೆ. ಮುಂದೆ ಅದೇ ಜಾಗದಲ್ಲಿ, ಧ್ವನಿಪೆಟ್ಟಿಗೆಯ ಹಿಂಬದಿಯಲ್ಲಿ, ಕ್ಯಾನ್ಸರ್ ಹುಟ್ಟುವ ಅಪಾಯ ಇವರಿಗೆ ಹೆಚ್ಚು. ಪೊರೆಯ ಹಂತದಲ್ಲೇ ಗೊತ್ತಾದರೆ ಕಬ್ಬಿಣದ ಮಾತ್ರೆ, ಬೇಕಾದರೆ ದಾರಿ ಹಿಗ್ಗಿಸುವ ಚಿಕಿತ್ಸೆ ಎರಡೂ ಇವೆ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಯನ್ನು ಡಬ್ಬಿಯಲ್ಲಿಟ್ಟು ಮರೆಯುವವರು ಇದನ್ನೂ ತಿಳಿದಿರಲಿ.

“ಕಿವಿ ನೋವಿಗೂ ಗಂಟಲಿಗೂ ಏನ್ ಸಂಬಂಧ?”

ಬಹಳ ಇದೆ. ಧ್ವನಿಪೆಟ್ಟಿಗೆಗೂ ಗಂಟಲ ತಳಕ್ಕೂ ಹೋಗುವ ವೇಗಸ್ ನರದ್ದೇ ಒಂದು ಕವಲು ಕಿವಿಗೂ ಹೋಗುತ್ತದೆ. ಗಂಟಲಲ್ಲಿ ಹುಣ್ಣಾದರೆ ಮೆದುಳು ಅದನ್ನು ಕಿವಿಯ ನೋವೆಂದು ಓದಿಕೊಳ್ಳುತ್ತದೆ. ಒಂದೇ ಕಿವಿ, ನುಂಗುವಾಗ ಚಳುಕು, ಕಿವಿಯೊಳಗೆ ನೋಡಿದರೆ ಎಲ್ಲ ಸರಿ. ಇಂಥ ನೋವಿಗೆ ಬಿಸಿ ಕೊಬ್ಬರಿ ಎಣ್ಣೆ ಬಿಟ್ಟು, ಡ್ರಾಪ್ಸ್ ಹಾಕಿ ಪ್ರಯೋಜನವಿಲ್ಲ. “ಕಿವಿ ಚೆನ್ನಾಗೇ ಐತೆ” ಎಂದು ವೈದ್ಯರು ಹೇಳಿದಾಗ ನಿರಾಳವಾಗಿ ಮನೆಗೆ ಬರುವ ಬದಲು “ಹಾಗಾದ್ರೆ ಗಂಟ್ಲು ನೋಡಿ ಸ್ವಾಮಿ” ಎನ್ನಬೇಕು.

“ಗಂಟು ನೋಯಲ್ಲ, ಗಂಡಮಾಲೆ ಇರಬೇಕು”

ಕುತ್ತಿಗೆಯ ಗಂಟೆಂದರೆ ಗಂಡಮಾಲೆ ಎಂದು ಬರೆ ಹಾಕಿಸುವುದು, ಸೊಪ್ಪು ಅರೆದು ಕಟ್ಟುವುದು ಈಗ ಕಡಿಮೆಯಾಗಿದೆ, ನಿಂತಿಲ್ಲ. ನಮ್ಮ ದೇಶದಲ್ಲಿ ಕ್ಷಯದಿಂದ ಕುತ್ತಿಗೆಯಲ್ಲಿ ಗಂಟಾಗುವುದು ಸಾಮಾನ್ಯ ಎಂಬುದೂ ಸರಿಯೇ. ಆದರೆ ನೋವಿಲ್ಲದಿರುವುದು ಒಳ್ಳೆಯ ಲಕ್ಷಣವಲ್ಲ. ಗಟ್ಟಿಯಾಗಿ, ನೋಯದೆ, ವಾರದಿಂದ ವಾರಕ್ಕೆ ದೊಡ್ಡದಾಗುವ ಗಂಟು ನಲವತ್ತು ದಾಟಿದವರಲ್ಲಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಕ್ಯಾನ್ಸರನ್ನೇ. ಧ್ವನಿತಂತುವಿಗಿಂತ ಮೇಲೆ, ಗಂಟಲ ತಳದಲ್ಲಿ ಹುಟ್ಟುವ ಕ್ಯಾನ್ಸರ್ ಎಷ್ಟೋ ಸಲ ದನಿಯನ್ನು ಮುಟ್ಟುವುದೇ ಇಲ್ಲ, ಕುತ್ತಿಗೆಯ ಗಂಟೇ ಅದರ ಮೊದಲ ಸುದ್ದಿ. ಸೂಜಿ ಪರೀಕ್ಷೆ ಮಾಡಿದರೆ ಕ್ಷಯವೋ ಕ್ಯಾನ್ಸರೋ ಬೇರೆಯಾಗಿ ತಿಳಿಯುತ್ತದೆ. ಅದಿಲ್ಲದೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗುವುದೂ ತಪ್ಪು, ಗಂಟಲು ಪರೀಕ್ಷಿಸದೆ ಗಂಟನ್ನೇ ಕೊಯ್ದು ತೆಗೆಸುವುದೂ ತಪ್ಪು.

ಉಬ್ಬಸದ ವಿಷಯ ಚಿಕ್ಕದು, ಆದರೆ ತುರ್ತಿನದು. ಅಸ್ತಮಾದಲ್ಲಿ ಸಿಳ್ಳೆಯಂಥ ಸದ್ದು ಸಾಮಾನ್ಯವಾಗಿ ಉಸಿರು ಬಿಡುವಾಗ ಎದೆಯಿಂದ ಬರುತ್ತದೆ. ಉಸಿರು ಎಳೆದುಕೊಳ್ಳುವಾಗ ಗಂಟಲಿಂದ ಕೊರ್ ಎಂದರೆ ದಾರಿಯೇ ಕಟ್ಟುತ್ತಿದೆ ಎಂದರ್ಥ. ಇದಕ್ಕೆ ಮೂರು ವಾರದ ಲೆಕ್ಕವಿಲ್ಲ, ಅವತ್ತೇ ಹೊರಡಬೇಕು.

“ಬೀಡಿ ಅಷ್ಟೇ, ಸಿಗರೇಟ್ ಅಲ್ವಲ್ಲ”

ಬೀಡಿಯ ಎಲೆ ಸರಿಯಾಗಿ ಉರಿಯುವುದಿಲ್ಲ. ಆರದಂತೆ ಮೇಲಿಂದ ಮೇಲೆ ಎಳೆಯಬೇಕು, ಜೋರಾಗಿ ಎಳೆಯಬೇಕು. ಟಾರು, ಇಂಗಾಲದ ಮಾನಾಕ್ಸೈಡು ಸಿಗರೇಟಿಗಿಂತ ಕಡಿಮೆಯೇನಲ್ಲ. ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಖಚಿತ ಕಾರಣಗಳೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಟ್ಟಿ ಮಾಡಿರುವುದರಲ್ಲಿ ಹೊಗೆ ಸೇದುವುದು, ಮದ್ಯ, ಕಲ್ನಾರು, ತೀಕ್ಷ್ಣ ಆಮ್ಲದ ಆವಿ ಇವೆ. ಕೊಬ್ಬರಿಯ ಧೂಳು ಆ ಪಟ್ಟಿಯಲ್ಲಿಲ್ಲ, ಎಳನೀರೂ ಇಲ್ಲ. ಸೇದುವುದೂ ಕುಡಿಯುವುದೂ ಸೇರಿದರೆ ಅಪಾಯ ಎರಡನ್ನೂ ಬರೀ ಕೂಡಿಸಿದ್ದಕ್ಕಿಂತ ಎಷ್ಟೋ ಜಾಸ್ತಿಯಾಗುತ್ತದೆ.

ಇನ್ನು ಅಡಿಕೆ. ಚಿಕ್ಕನಾಯಕನಹಳ್ಳಿ, ತುರುವೇಕೆರೆಯಲ್ಲಿ ತೆಂಗಿನ ಸಾಲಿನ ನಡುವೆ ಅಡಿಕೆ ಇಟ್ಟವರಿಗೆ ಈ ಮಾತು ರುಚಿಸುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತೇನೆ. ಹೊಗೆಸೊಪ್ಪು ಹಾಕಿದರೆ ಮಾತ್ರ ಕೆಟ್ಟದ್ದು ಎಂಬ ನಂಬಿಕೆಗೆ ಈಗ ಆಧಾರವಿಲ್ಲ. ಅದೇ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯ ಏಟು ಮುಖ್ಯವಾಗಿ ಬಾಯಿಗೆ. ಹೊಗೆಸೊಪ್ಪು ಸೇರಿದ ಎಲೆಅಡಿಕೆಯದ್ದು ಗಂಟಲು, ಅನ್ನನಾಳದವರೆಗೂ ಇಳಿಯುತ್ತದೆ. ಬೆಲೆ, ಆಮದು, ಬೆಳೆಗಾರರ ಬದುಕು ಎಲ್ಲ ಬೇರೆ ಚರ್ಚೆ. ಅದಕ್ಕಾಗಿ ಜಗಿಯುವವನ ದವಡೆಯ ಲೆಕ್ಕ ಬದಲಾಗುವುದಿಲ್ಲ.

“ರಕ್ತ ಟೆಸ್ಟ್ ಮಾಡ್ಸಿದ್ವಿ, ಎಲ್ಲಾ ನಾರ್ಮಲ್”

ಗಂಟಲ ಕ್ಯಾನ್ಸರನ್ನು ಪತ್ತೆ ಮಾಡುವ ರಕ್ತಪರೀಕ್ಷೆ ಇಲ್ಲ. ಥೈರಾಯ್ಡ್ ರಿಪೋರ್ಟ್ ಸರಿಯಿದ್ದರೆ ಥೈರಾಯ್ಡಿನ ಕೆಲಸ ಸರಿಯಿದೆ ಎಂದಷ್ಟೇ ಅರ್ಥ. ಟಾರ್ಚ್ ಬಿಟ್ಟು “ಆ ಅನ್ನಿ” ಎಂದರೆ ಕಾಣುವುದು ಕಿರುನಾಲಿಗೆಯವರೆಗೆ, ಧ್ವನಿಪೆಟ್ಟಿಗೆ ಅದಕ್ಕಿಂತ ಕೆಳಗಿದೆ. ಅಲ್ಲಿಗೆ ಇಣುಕುವ ಉಪಾಯವನ್ನು ಜನಪ್ರಿಯಗೊಳಿಸಿದ್ದು ವೈದ್ಯನಲ್ಲ, ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು. 1854ರಲ್ಲಿ ಅವರು ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು, ಬಿಸಿಲನ್ನು ಪ್ರತಿಫಲಿಸಿ, ಹಾಡುವಾಗ ತಮ್ಮದೇ ಧ್ವನಿತಂತು ಕುಣಿಯುವುದನ್ನು ನೋಡಿದರು. ಆ ಕನ್ನಡಿ ಇವತ್ತಿಗೂ ಇಎನ್‌ಟಿ ವೈದ್ಯರ ಮೇಜಿನ ಮೇಲಿದೆ. ಅದರಲ್ಲಿ ಸರಿಯಾಗಿ ಕಾಣದಿದ್ದರೆ ಮೂಗಿನಿಂದ ತೆಳ್ಳನೆಯ ಕ್ಯಾಮೆರಾ ಕೊಳವೆ ಬಿಟ್ಟು ನೋಡುತ್ತಾರೆ. ಮೂಗಿಗೆ ಮರಗಟ್ಟುವ ಔಷಧಿ ಸಿಂಪಡಿಸಿದರೆ ಸಾಕು, ಕೆಲವೇ ನಿಮಿಷದ ಕೆಲಸ. ತಿಪಟೂರಿನವರಿಗೆ ತುಮಕೂರು, ಹಾಸನ ಎರಡೂ ಕಡೆ ದಾರಿಯಿದೆ. ತುರುವೇಕೆರೆಯವರಿಗೆ ಮಾಯಸಂದ್ರದ ಮೇಲೆ ಬೆಳ್ಳೂರು ಕ್ರಾಸ್ ಬಳಿಯ ಬಿ.ಜಿ. ನಗರದ ವೈದ್ಯಕೀಯ ಕಾಲೇಜು ಇದೆ. ಮೊದಲ ನೋಟಕ್ಕೆ ಬೆಂಗಳೂರೇ ಆಗಬೇಕೆಂದಿಲ್ಲ.

ಗಂಟು ಕಂಡರೆ ಮುಂದಿನದು ತುಂಡು ತೆಗೆದು ನೋಡುವ ಬಯಾಪ್ಸಿ. “ಕತ್ತರಿ ಮುಟ್ಟಿದ್ರೆ ಹರಡುತ್ತೆ” ಎಂಬ ಭಯ ಇಲ್ಲಿ ಎಷ್ಟೋ ಜನರನ್ನು ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಕರೆತರುತ್ತದೆ. ಗಂಟಲ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದಿಲ್ಲ, ಅದಿಲ್ಲದೆ ಯಾವ ಆಸ್ಪತ್ರೆಯೂ ಚಿಕಿತ್ಸೆ ಶುರು ಮಾಡುವುದಿಲ್ಲ. ಸಿ.ಟಿ. ಸ್ಕ್ಯಾನ್ ರೋಗ ಎಷ್ಟು ಆಳಕ್ಕೆ ಹೋಗಿದೆ ಎಂದು ಹೇಳುತ್ತದೆ, ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ತುಂಡೇ.

ಹಾಗೆಂದು ಒಂದು ಸಲದ “ಕ್ಯಾನ್ಸರ್ ಇಲ್ಲ” ಎಂಬ ರಿಪೋರ್ಟೇ ಕೊನೆಯ ಮಾತಲ್ಲ. ಜರ್ಮನಿಯ ಯುವರಾಜ ಫ್ರೆಡರಿಕ್‌ಗೆ 1887ರ ಆರಂಭದಲ್ಲಿ ದನಿ ಕಟ್ಟಿತು. ಅಲ್ಲಿನ ವೈದ್ಯರು ಕ್ಯಾನ್ಸರ್ ಎಂದು ಅನುಮಾನಿಸಿ ಶಸ್ತ್ರಚಿಕಿತ್ಸೆಗೆ ಸಿದ್ಧರಾದರು. ಇಂಗ್ಲೆಂಡಿನಿಂದ ಬಂದ ಗಂಟಲು ವೈದ್ಯ ಮೋರೆಲ್ ಮೆಕೆಂಜಿ ತುಂಡು ತೆಗೆದರು. ಆ ಕಾಲದ ಮಹಾನ್ ರೋಗವಿಜ್ಞಾನಿ ರುಡಾಲ್ಫ್ ವಿರ್ಶೋ ಸೂಕ್ಷ್ಮದರ್ಶಕದಲ್ಲಿ ನೋಡಿ ಅದರಲ್ಲಿ ಕ್ಯಾನ್ಸರ್ ಕಾಣಲಿಲ್ಲ ಎಂದರು. ಶಸ್ತ್ರಚಿಕಿತ್ಸೆ ನಿಂತಿತು. ನವೆಂಬರ್ ಹೊತ್ತಿಗೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಚಕ್ರವರ್ತಿಯಾಗಿ ತೊಂಬತ್ತೊಂಬತ್ತೇ ದಿನ ಆಳಿ, ಮಾತು ನಿಂತ ಗಂಟಲಿನೊಂದಿಗೆ, 1888ರ ಜೂನ್‌ನಲ್ಲಿ ಅವರು ತೀರಿಕೊಂಡರು. ತುಂಡು ಗಂಟಿನ ಯಾವ ಮೂಲೆಯಿಂದ ಬಂತು ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ರಿಪೋರ್ಟ್ ಚೆನ್ನಾಗಿ ಬಂದೂ ದನಿ ಸರಿಹೋಗದಿದ್ದರೆ ಮತ್ತೊಮ್ಮೆ ತೆಗೆಸಬೇಕು.

“ಗಂಟ್ಲು ತೆಗೀತಾರೆ, ಮಾತು ಹೋಗುತ್ತೆ, ಮನೆಮಠ ಮಾರ್ಬೇಕು”

ಮೊದಲ ಹಂತದಲ್ಲಿ ಧ್ವನಿಪೆಟ್ಟಿಗೆ ತೆಗೆಯುವುದಿಲ್ಲ. ಲೇಸರಿನಿಂದ ಗಂಟಷ್ಟನ್ನು ತೆಗೆಯುವುದು, ಇಲ್ಲವೇ ಕೆಲವು ವಾರ ವಿಕಿರಣ ಕೊಡುವುದು, ಎರಡರಲ್ಲೊಂದು ಸಾಕಾಗುತ್ತದೆ, ದನಿಯೂ ಉಳಿಯುತ್ತದೆ. “ಕರೆಂಟ್ ಕೊಡ್ತಾರಂತೆ” ಎಂದು ಜನ ಹೆದರುವ ಆ ವಿಕಿರಣದಲ್ಲಿ ಶಾಕ್ ಹೊಡೆಯುವಂಥದ್ದು ಏನೂ ಇಲ್ಲ, ಎಕ್ಸ್‌ರೇ ತೆಗೆಸಿಕೊಂಡಂತೆ ಮಲಗಿರಬೇಕು. ಗಂಟಲು ಹುಣ್ಣಾಗುವುದು, ಬಾಯಿ ಒಣಗುವುದು ಆಮೇಲೆ. ಖರ್ಚಿನ ಮಾತಿಗೆ ಬಂದರೆ, 1973ರಿಂದ ಇರುವ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರಿ ಸಂಸ್ಥೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಹಿಡಿದು ಹೊರಟರೆ ಅಲೆದಾಟ ಕಡಿಮೆ.

ತಡವಾಗಿ ಬಂದವರಲ್ಲಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಾಗುವುದುಂಟು. ಆಗ ಕುತ್ತಿಗೆಯ ಮುಂದೆ ಮಾಡಿದ ರಂಧ್ರದಿಂದ ಉಸಿರಾಟ. ಶ್ವಾಸನಾಳ, ಅನ್ನನಾಳದ ನಡುವೆ ಪುಟ್ಟ ಕವಾಟವೊಂದನ್ನು ಕೂರಿಸಿದರೆ ಅವರೂ ಮಾತಾಡಬಲ್ಲರು. ವಿದೇಶದಿಂದ ಬರುವ ಇಂಥ ಕವಾಟಕ್ಕೆ ಸಾವಿರಾರು ರೂಪಾಯಿ. 2015ರ ಸುಮಾರಿಗೆ ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ತಮ್ಮ ಉದ್ಯಮಿ ಗೆಳೆಯರ ಜೊತೆ ಸೇರಿ ‘ಓಂ’ ಎಂಬ ಕವಾಟ ರೂಪಿಸಿದರು, ಆಗ ಅದರ ಬೆಲೆ ಸುಮಾರು 50 ರೂಪಾಯಿ ಇತ್ತು. ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಕವಾಟದ ಮೂಲಕ ಗಂಟಲಿಗೆ ಹೋಗಿ ಅಲ್ಲಿನ ಗೋಡೆಯನ್ನು ಅದುರಿಸುತ್ತದೆ. ದನಿ ಒರಟು, ಆದರೆ ಮಾತು ಸ್ಪಷ್ಟ. ಇಂಥ ಕವಾಟವನ್ನು ದಿನವೂ ಶುಚಿ ಮಾಡಬೇಕು, ನೀರು ಕುಡಿದಾಗ ಸೋರಿ ಕೆಮ್ಮು ಬಂದರೆ ಬದಲಿಸಬೇಕು.